ಹ್ಯಾಮರ್ ಮೆಷಿನಿನ ಸೈಡ್ ಹಿಡಿಕೆ ಬಿಚ್ಚಿ ಕೆಲಸ ಮಾಡಿದೆ, ಮಣಿಕಟ್ಟು ತಿರುಚಿತು

ಬದಿಯಡ್ಕ ತೋಟ

ಎಲ್ಲರಿಗೂ ನಮಸ್ಕಾರ. ಎಡಗೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಮನೆಯ ಹಿಂಬದಿ ಅಡಿಕೆ ಅಂಗಳದ ಕಡೆಗೆ ಸ್ವಲ್ಪ ಮಾಡು (ಚಾವಣಿ) ಇಳಿಸಬೇಕಿತ್ತು. ಮಳೆಗಾಲಕ್ಕೆ ಮೊದಲು ಮುಗಿಸುವ ಅಂದಾಜು. ಜಿಐ ಪೈಪಿನ ಫ್ರೇಮನ್ನು ಕಿಟಕಿ ಮೇಲಿನ ಲಿಂಟಲ್‌ಗೆ (ಕಾಂಕ್ರೀಟ್ ತೊಲೆಗೆ) 12 ಎಂಎಂ ಆ್ಯಂಕರ್ ಬೋಲ್ಟ್ ಹಾಕಿ ನಿಲ್ಲಿಸುವುದು ಅಂತ ವೆಲ್ಡರ್ ಹೇಳಿದ್ದರು. ಅವರು ಬರುವಾಗ ತೂತು ರೆಡಿ ಇರಲಿ ಅಂತ ನಾನೇ ಕಾಂಕ್ರೀಟ್ ಕೊರೆಯುವ 26 ಎಂಎಂ ಹ್ಯಾಮರ್ ಮೆಷಿನ್ ಒಂದು ದಿನದ ಬಾಡಿಗೆಗೆ ತಂದೆ. ಮನೆಯಲ್ಲಿ ಸಣ್ಣ ಡ್ರಿಲ್ ಉಂಟು, ಹತ್ತು ವರ್ಷದಿಂದ ಬಳಸುತ್ತಿದ್ದೇನೆ. ಇದೂ ಹಾಗೆಯೇ, ಸ್ವಲ್ಪ ದೊಡ್ಡದು ಅಷ್ಟೇ ಅಂದುಕೊಂಡಿದ್ದೆ.

ನಾಲ್ಕು ತೂತು ಬೆಣ್ಣೆಯ ಹಾಗೆ ಆಯಿತು. ಐದನೆಯದು ಬಲಬದಿಯ ಮೂಲೆಯಲ್ಲಿ. ಅಲ್ಲಿ ಸೈಡ್ ಹಿಡಿಕೆ ಗೋಡೆಗೆ ತಾಗುತ್ತಿತ್ತು. ಬಿಚ್ಚಿ ಕೆಳಗಿಟ್ಟೆ. ಎರಡಿಂಚು ಒಳಗೆ ಹೋಗಿರಬಹುದು, ಬಿಟ್ (ಕೊರೆಯುವ ಕಡ್ಡಿ) ಏನಕ್ಕೋ ಕಚ್ಚಿತು. ಬಿಟ್ ನಿಂತಿತು, ಮೆಷಿನ್ ತಿರುಗಿತು. ಬಲಗೈಯ ಬೆರಳುಗಂಟು ಪಕ್ಕದ ಗೋಡೆಗೆ ಬಡಿದು ಚರ್ಮ ಕಿತ್ತು ಬಂತು, ಮಣಿಕಟ್ಟು ಒಳಗೆ ತಿರುಚಿದ್ದು ಗೊತ್ತಾದದ್ದು ಮೆಷಿನ್ ನಿಂತ ಮೇಲೆ. ನಾನು ನಿಂತದ್ದು ಸ್ಟೂಲಿನ ಮೇಲೆ. ಬೀಳಲಿಲ್ಲ, ಕಿಟಕಿಯ ಸರಳು ಕೈಗೆ ಸಿಕ್ಕಿತು.

ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ. ಪಟ್ಟಿ ಹಾಕಿದ್ದಾರೆ, ಮೂರು ವಾರ ಕೈ ಆಡಿಸಬಾರದಂತೆ. ಕೇಳುವುದು ಇಷ್ಟು: ಮೂಲೆಯಲ್ಲಿ ಹಿಡಿಕೆ ಇಟ್ಟುಕೊಂಡು ಕೆಲಸ ಮಾಡುವುದು ಹೇಗೆ? ಉಳಿದ ಮೂರು ತೂತು ಅಣ್ಣನ ಮಗ ಮಾಡುತ್ತೇನೆ ಅಂತ ಕೂತಿದ್ದಾನೆ. ಅವನಿಗೆ ಏನೆಲ್ಲ ಹೇಳಿ ಕೊಡಬೇಕು?

ಟೂಲ್ಸ್ ಬಾಡಿಗೆ, ಪೆರ್ಲ

ಅಣ್ಣಾ, ಮೊದಲು ಕೈ ನೋಡಿಕೊಳ್ಳಿ. ಹಿಡಿಕೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಬಾಡಿಗೆಗೆ ಕೊಂಡು ಹೋಗುವವರಲ್ಲಿ ಅರ್ಧಕ್ಕರ್ಧ ಜನ ಅದನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ವಾಪಸ್ ತರುತ್ತಾರೆ, ಕೆಲವರು ತರುವುದೇ ಇಲ್ಲ.

ಆ ಹಿಡಿಕೆ ಬಿಚ್ಚುವುದು ಬೇಡವೇ ಬೇಡ. ಅದರ ತುದಿ ಹಿಡಿದು ತಿರುಪು ಬಿಚ್ಚುವ ಹಾಗೆ ಎಡಕ್ಕೆ ತಿರುಗಿಸಿ. ಮೆಷಿನಿನ ಕುತ್ತಿಗೆಗೆ ಸುತ್ತಿರುವ ಪಟ್ಟಿ ಸಡಿಲ ಆಗುತ್ತದೆ. ಆಮೇಲೆ ಹಿಡಿಕೆಯನ್ನು ಮೇಲೆ, ಕೆಳಗೆ, ಓರೆಯಾಗಿ, ಎಲ್ಲಿ ಬೇಕೋ ಅಲ್ಲಿಗೆ ಸುತ್ತಿಸಿ ಮತ್ತೆ ಬಿಗಿ ಮಾಡಿ. ಬಲಮೂಲೆ ಆದರೆ ಎಡಕ್ಕೆ. ಮೇಲಿನ ಮೂಲೆ ಆದರೆ ಕೆಳಕ್ಕೆ. ಇಷ್ಟೇ ಕೆಲಸ, ಅರ್ಧ ನಿಮಿಷವೂ ಬೇಡ. ನಿಮ್ಮ ಹಿಡಿಕೆ ಬಲಗಡೆ ಇತ್ತು ಅಂತ ಕಾಣುತ್ತದೆ, ಹಿಂದೆ ತೆಗೆದುಕೊಂಡು ಹೋದವರು ಎಡಗೈಯವರಿರಬೇಕು.

ಸಣ್ಣ ಡ್ರಿಲ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಉಂಟು. ನಿಮ್ಮ ಮನೆಯ ಇಂಪ್ಯಾಕ್ಟ್ ಡ್ರಿಲ್ಲಿನಲ್ಲಿ ಹಲ್ಲಿನ ಎರಡು ಬಿಲ್ಲೆ ಒಂದರ ಮೇಲೊಂದು ಜಾರಿ ಪೆಟ್ಟು ಕೊಡುವುದು. ಅದಕ್ಕೇ ಅದನ್ನು ಮೈಭಾರ ಹಾಕಿ ಒತ್ತಬೇಕು. ಹ್ಯಾಮರ್ ಮೆಷಿನಿನ ಒಳಗೆ ಪಿಸ್ಟನ್ ಉಂಟು, ಅದು ಗಾಳಿಯನ್ನು ಒತ್ತಿ ಆ ಗಾಳಿಯೇ ಒಂದು ಉಕ್ಕಿನ ಗಟ್ಟಿಯನ್ನು ಮುಂದಕ್ಕೆ ಎಸೆದು ಬಿಟ್‌ನ ಹಿಂಬದಿಗೆ ಹೊಡೆಸುತ್ತದೆ. ಒತ್ತಡ ನಮ್ಮದಲ್ಲ, ಗಾಳಿಯದು. ಜಾಸ್ತಿ ಒತ್ತಿದರೆ ಬೇಗ ಆಗುವುದಿಲ್ಲ, ಬಿಟ್ ಸಿಕ್ಕಿಬೀಳುವುದು ಮಾತ್ರ ಬೇಗ ಆಗುತ್ತದೆ.

ಒಳಗೆ ಕ್ಲಚ್ ಉಂಟು. ಬಿಟ್ ಜಾಮ್ ಆದರೆ ಟರ್ರ್ ಅಂತ ಜಾರುತ್ತದೆ. ಆದರೆ ಅದು ಜಾರುವ ತನಕದ ತಿರುಚು ನಿಮ್ಮ ಕೈಗೇ ಬರುವುದು. 26 ಎಂಎಂ ಮೆಷಿನ್ ನಿಮಿಷಕ್ಕೆ ಸುಮಾರು 900 ಸುತ್ತು, ಅಂದರೆ ಸೆಕೆಂಡಿಗೆ 15. ಕೈ ಬಿಡಬೇಕು ಅಂತ ತಲೆಗೆ ಹೊಳೆಯುವಾಗಲೇ ಕೆಲಸ ಮುಗಿದಿರುತ್ತದೆ.

ಸೈಟ್, ಉಪ್ಪಳ

ಸಿವಿಲ್ ಕೆಲಸದವನು ನಾನು. ಬಿಟ್ ಕಚ್ಚಿದ್ದು ಲಿಂಟಲ್‌ನ ರಾಡ್‌ಗೆ, ಅದರಲ್ಲಿ ಸಂಶಯ ಇಲ್ಲ. ಲಿಂಟಲ್‌ನ ಮುಖ್ಯ ರಾಡ್ ಇರುವುದು ಕೆಳಭಾಗದಲ್ಲಿ. ಭಾರ ಹೊರುವುದು ಅದೇ. ತೂತು ಲಿಂಟಲ್‌ನ ಎತ್ತರದ ನಡುಮಧ್ಯದಲ್ಲಿ ಹಾಕಿದರೆ ಮುಖ್ಯ ರಾಡ್ ತಪ್ಪುತ್ತದೆ, ಆದರೂ ಅಡ್ಡ ಸುತ್ತಿದ ರಿಂಗ್ ಸಿಗಬಹುದು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಒಳಗಿನ ರಾಡ್ ಮೇಲೆ ಕಡಿಮೆ ಎಂದರೂ 20 ಎಂಎಂ ಕಾಂಕ್ರೀಟ್ ಕವರ್ ಇರಬೇಕು, ಕಡಲ ಹತ್ತಿರ ಇನ್ನೂ ಜಾಸ್ತಿ. ಹಾಗಾಗಿ ಗಾರೆ ದಾಟಿ ಒಂದಿಂಚು ಒಳಗೆ ಹೋಗುವ ಹೊತ್ತಿಗೆ ಕೈ ಎಚ್ಚರ ಆಗಬೇಕು.

ರಾಡ್ ತಾಗಿದರೆ ಶಬ್ದ ಬದಲಾಗುತ್ತದೆ. ಕಾಂಕ್ರೀಟಿನಲ್ಲಿ ದಡದಡ ಮಂದ ಶಬ್ದ. ರಾಡಿನಲ್ಲಿ ಗಂಟೆ ಹೊಡೆದ ಹಾಗೆ ಟಣಟಣ, ಬಿಟ್ ಮುಂದೆ ಹೋಗುವುದಿಲ್ಲ, ಬರುವ ಪುಡಿಯಲ್ಲಿ ಹೊಳೆಯುವ ಚೂರು ಕಾಣುತ್ತದೆ. ಆಗ ತಕ್ಷಣ ನಿಲ್ಲಿಸಿ. ಮತ್ತೆ ಒತ್ತಿ ರಾಡ್ ತುಂಡು ಮಾಡುವ ಹಟ ಬೇಡ, ಬಿಟ್‌ನ ಕಾರ್ಬೈಡ್ ತುದಿ ಹಾರಿ ಹೋಗುತ್ತದೆ, ಲಿಂಟಲ್‌ನ ಬಲವೂ ಹೋಗುತ್ತದೆ. ತೂತನ್ನು ಬದಿಗೆ ಸರಿಸಿ, ಹಳೆಯದನ್ನು ಗ್ರೌಟ್ ಹಾಕಿ ಮುಚ್ಚಿ. ಫ್ರೇಮಿನ ಪ್ಲೇಟಿನಲ್ಲಿ ತೂತು ಉದ್ದಕ್ಕೆ ಮಾಡಿಕೊಂಡರೆ ಆಚೀಚೆ ಸರಿಸುವುದಕ್ಕೆ ಜಾಗ ಸಿಗುತ್ತದೆ. ವೆಲ್ಡರ್ ಹತ್ತಿರ ಈಗಲೇ ಹೇಳಿ.

ಒಂದು ಪ್ರಶ್ನೆ. ಉಳಿದ ಮೂರು ತೂತು ಲಿಂಟಲ್‌ಗೋ, ಗೋಡೆಗೋ? ಗೋಡೆ ಕೆಂಪುಕಲ್ಲಿನದ್ದಾ?

ಬದಿಯಡ್ಕ ತೋಟ

ಹೌದು, ಕೆಂಪುಕಲ್ಲು. ಅಪ್ಪ ಕಟ್ಟಿಸಿದ ಮನೆ. ಎರಡು ಲಿಂಟಲ್‌ಗೆ, ಒಂದು ಗೋಡೆಗೆ ಬರುತ್ತದೆ. ಪೆರ್ಲದವರೇ, ಹಿಡಿಕೆ ತಿರುಗುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಈಗ ನೋಡಿದೆ, ನೀವು ಹೇಳಿದ ಹಾಗೆಯೇ ತಿರುಗಿತು.

ಸೈಟ್, ಉಪ್ಪಳ

ಹಾಗಾದರೆ ಗೋಡೆಯ ತೂತಿಗೆ ಬೇರೆಯೇ ಲೆಕ್ಕ. ನಮ್ಮ ಕೆಂಪುಕಲ್ಲು, ಅಂದರೆ ಮುರಕಲ್ಲು, ಕಾಂಕ್ರೀಟಿನ ಹಾಗೆ ಅಲ್ಲ. ಗಣಿಯಿಂದ ಕಡಿಯುವಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ, ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಬೇಕಲ ಕೋಟೆಯ ಗೋಡೆ ನೋಡಿದವರಿಗೆ ಗೊತ್ತು. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಇಟ್ಟಿಗೆ ಎನ್ನುವ ಲ್ಯಾಟಿನ್ ಮಾತಿನಿಂದ. ಇದಕ್ಕೆ ಹ್ಯಾಮರ್ ಮೋಡ್ ಹಾಕಿದರೆ ತೂತಿನ ಬಾಯಿ ಅಗಲ ಆಗಿ ಕಲ್ಲು ಎದ್ದು ಬರುತ್ತದೆ. ಬರೀ ತಿರುಗುವ ಮೋಡ್, ನಿಧಾನ ವೇಗ ಸಾಕು.

ಇನ್ನೊಂದು ವಿಷಯ, ಬಿರಿದು ಹಿಡಿಯುವ ಆ್ಯಂಕರ್ ಬೋಲ್ಟ್ ಕಾಂಕ್ರೀಟಿಗೆ ಮಾತ್ರ. ಕೆಂಪುಕಲ್ಲಿನಲ್ಲಿ ಅದು ಬಿರಿದರೆ ಕಲ್ಲೂ ಬಿರಿಯುತ್ತದೆ. ಇವತ್ತು ನಿಂತರೂ ಗಾಳಿಗೆ ಮಾಡು ಅಲುಗಾಡುವಾಗ ಸಡಿಲ ಆಗುತ್ತದೆ. ಗೋಡೆಯ ಆಚೆಗೆ ತೂತು ದಾಟಿಸಿ ಉದ್ದದ ಬೋಲ್ಟ್ ಹಾಕಿ, ಎರಡೂ ಬದಿ ಕೈಯಗಲದ ಪ್ಲೇಟ್ ಇಟ್ಟು ಬಿಗಿ ಮಾಡಿ. ದಾಟಿಸುವಾಗ ಆಚೆ ಕೋಣೆಯಲ್ಲಿ ಯಾರೂ ಇರಬಾರದು. ಬಿಟ್ ಹೊರಬರುವಾಗ ಆ ಬದಿಯ ಗಾರೆ ತಟ್ಟೆಯಷ್ಟು ಅಗಲಕ್ಕೆ ಸಿಡಿಯುತ್ತದೆ.

ವಯರಿಂಗ್, ಕುಂಬಳೆ

ತೂತು ಎಲ್ಲಿಗೆ ಅಂತ ಎಲ್ಲರೂ ಮಾತಾಡಿದಿರಿ, ಒಳಗೆ ವಯರ್ ಉಂಟಾ ಅಂತ ಯಾರೂ ಕೇಳಲಿಲ್ಲ.

ನಾನು ಕೆಲಸಕ್ಕೆ ಹೋದ ಒಂದು ಮನೆಯಲ್ಲಿ ಕರ್ಟನ್ ರಾಡ್ ಹಾಕುವವರು ಸ್ವಿಚ್‌ಬೋರ್ಡಿನ ನೇರ ಮೇಲಕ್ಕೆ ತೂತು ಹೊಡೆದರು. ಗೋಡೆಯೊಳಗಿನ ಕನ್ಸೀಲ್ಡ್ ಪೈಪ್ ಒಡೆದು ಬಿಟ್ ಫೇಸ್ ವಯರಿಗೆ ತಾಗಿತು. ಆ ಮನುಷ್ಯ ಎಡಗೈಯಲ್ಲಿ ಹಿಡಿದದ್ದು ಹಿಡಿಕೆಯನ್ನಲ್ಲ, ಮೆಷಿನಿನ ಮುಂಭಾಗದ ಲೋಹವನ್ನು. ಹೊಡೆದ ಶಾಕಿಗೆ ಏಣಿಯಿಂದ ಕೆಳಗೆ ಬಿದ್ದರು. ಆ ಮನೆಯಲ್ಲಿ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇತ್ತು, ಅದು ಟ್ರಿಪ್ ಆದದ್ದರಿಂದ ಉಳಿದರು.

ಮೆಷಿನಿನ ಮೇಲೆ ಚೌಕದೊಳಗೆ ಚೌಕದ ಗುರುತು ಇರುತ್ತದೆ, ಡಬಲ್ ಇನ್ಸುಲೇಶನ್ ಅಂತ. ಪ್ಲಗ್ ಎರಡೇ ಪಿನ್ನಿನದು. ಅದನ್ನು ನಂಬಿ ಜನ ಧೈರ್ಯ ಮಾಡುತ್ತಾರೆ. ಆ ರಕ್ಷಣೆ ಮೆಷಿನಿನ ಒಳಗೆ ಏನಾದರೂ ಕೆಟ್ಟರೆ ಮಾತ್ರ. ಗೋಡೆಯ ವಯರಿಗೆ ಬಿಟ್ ತಾಗಿದರೆ ಕರೆಂಟ್ ಬರುವುದು ಹೊರಗಿನಿಂದ, ಬಿಟ್‌ನಿಂದ ಅದನ್ನು ಹಿಡಿಯುವ ಚಕ್‌ಗೆ, ಚಕ್‌ನಿಂದ ಮುಂಭಾಗದ ಲೋಹಕ್ಕೆ. ಅದಕ್ಕೇ ಎರಡೂ ಕೈ ಪ್ಲಾಸ್ಟಿಕ್ ಹಿಡಿಕೆಯ ಮೇಲೆಯೇ ಇರಬೇಕು. ಸೈಡ್ ಹಿಡಿಕೆ ಬಿಚ್ಚಿದವರ ಕೈ ಎಲ್ಲಿಗೆ ಹೋಗುತ್ತದೆ ಹೇಳಿ? ನೇರ ಆ ಲೋಹಕ್ಕೇ.

ಸ್ವಿಚ್, ಪ್ಲಗ್, ಪಾಯಿಂಟ್ ಯಾವುದೇ ಇರಲಿ, ಅದರ ನೇರ ಮೇಲೆ, ನೇರ ಕೆಳಗೆ, ನೇರ ಅಡ್ಡಕ್ಕೆ ತೂತು ಹೊಡೆಯಬೇಡಿ. ಪೈಪ್ ಹೋಗುವುದು ಸಾಮಾನ್ಯವಾಗಿ ಆ ದಾರಿಯಲ್ಲೇ. ಬಾತ್‌ರೂಮಿನ ಆಚೆ ಗೋಡೆಯಾದರೆ ನೀರಿನ ಪೈಪೂ ಇರುತ್ತದೆ. ಕೆಲಸದ ಕೋಣೆಯ ಎಂಸಿಬಿ ಇಳಿಸಿ, ಮೆಷಿನಿಗೆ ಬೇರೆ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆಯಿರಿ.

ಮುಖ್ಯವಾದದ್ದು ಇನ್ವರ್ಟರ್. ಮೈನ್ ಸ್ವಿಚ್ ಇಳಿಸಿದರೂ ಇನ್ವರ್ಟರ್ ಲೈನಿನಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ನಮ್ಮ ಊರಿನಲ್ಲಿ ಮಳೆಗಾಲದ ಕರೆಂಟಿನ ಅವಸ್ಥೆಗೆ ಮನೆಮನೆಯಲ್ಲೂ ಇನ್ವರ್ಟರ್ ಉಂಟು, ಫ್ಯಾನು ಲೈಟಿನ ವಯರೆಲ್ಲ ಅದರಲ್ಲೇ. ಅದನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಬಿಟ್ ಇಡಿ.

ಇಎಲ್‌ಸಿಬಿ 30 ಮಿಲಿ ಆಂಪಿಯರ್‌ನದ್ದೇ ಇರಲಿ. ಅದರ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಟ್ರಿಪ್ ಆಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಎಕ್ಸ್‌ಟೆನ್ಷನ್ ರೀಲ್ ಪೂರ್ತಿ ಬಿಚ್ಚಿ ಬಳಸಿ, ಸುತ್ತಿಟ್ಟೇ ಬಳಸಿದರೆ ಒಳಗೆ ಬಿಸಿಯಾಗಿ ಕರಗುತ್ತದೆ.

ಮಂಜೇಶ್ವರದ ಟೀಚರ್

ನಾನು ಮನೆಯಲ್ಲಿ ಡ್ರಿಲ್ ಕೆಲಸ ನಾನೇ ಮಾಡುವವಳು. ಎರಡು ವಿಷಯ ಕೇಳಬೇಕು. ದನದ ಕೊಟ್ಟಿಗೆಗೆ ಹಳೆಯ ಸಿಮೆಂಟ್ ಶೀಟ್ ಉಂಟು, ಅದಕ್ಕೆ ಲೈಟಿನ ಕ್ಲ್ಯಾಂಪ್ ಹಾಕುವುದಕ್ಕೆ ಇದೇ ಮೆಷಿನ್ ಆದೀತಾ? ಮತ್ತೆ ತಲೆಯ ಮೇಲೆ, ಸ್ಲ್ಯಾಬಿಗೆ ತೂತು ಹೊಡೆಯುವಾಗ ಧೂಳು ಕಣ್ಣಿಗೆ ಬೀಳದ ಹಾಗೆ ಏನು ಮಾಡುತ್ತೀರಿ?

ಸೈಟ್, ಉಪ್ಪಳ

ಶೀಟಿಗೆ ಮೆಷಿನ್ ಮುಟ್ಟಿಸಬೇಡಿ ಅಕ್ಕಾ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಇರುತ್ತದೆ. ಶೀಟ್ ಸುಮ್ನೆ ಇದ್ದರೆ ಎಳೆ ಅದರೊಳಗೇ ಇರುತ್ತದೆ, ಕೊರೆದರೆ ಒಡೆದರೆ ಗಾಳಿಗೆ ಬರುತ್ತದೆ. ಕಣ್ಣಿಗೆ ಕಾಣದ ಎಳೆ ಅದು. ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಹತ್ತಾರು ವರ್ಷ ಕಳೆದು ಕ್ಯಾನ್ಸರ್ ಆಗಬಹುದು. ಕ್ಲ್ಯಾಂಪನ್ನು ಕೆಳಗಿನ ಪಕ್ಕಾಸಿಗೆ (ಶೀಟ್ ಹೊರುವ ತೊಲೆಗೆ) ಹಾಕಿ, ಶೀಟಿನ ತಂಟೆಗೆ ಹೋಗಬೇಡಿ.

ಸ್ಲ್ಯಾಬಿಗೆ ಆದರೆ ಹಳೆಯ ಪ್ಲಾಸ್ಟಿಕ್ ಕಪ್ಪಿನ ತಳಕ್ಕೆ ತೂತು ಮಾಡಿ ಬಿಟ್‌ಗೆ ಪೋಣಿಸಿ, ಪುಡಿ ಅದರೊಳಗೆ ಬೀಳುತ್ತದೆ. ಆದರೆ ಅದು ಅರ್ಧ ಪರಿಹಾರ. ಬೀಳುವ ಪುಡಿಗಿಂತ ತೇಲುವ ಧೂಳು ಅಪಾಯ. ಮರಳು, ಜಲ್ಲಿಯಲ್ಲಿ ಸಿಲಿಕಾ ಇರುವುದರಿಂದ ಗಾರೆ, ಕಾಂಕ್ರೀಟ್, ಗ್ರಾನೈಟ್ ಎಲ್ಲದರ ಧೂಳಿನಲ್ಲೂ ಅದು ಬರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ಎನ್ನುವ ಶ್ವಾಸಕೋಶದ ಕಾಯಿಲೆಗೆ ಗುಣ ಆಗುವ ಮದ್ದಿಲ್ಲ. ಬೈರಾಸು (ಟವಲು) ಮೂಗಿಗೆ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಬೇಕು, ಮೂಗಿನ ಬದಿ ಒತ್ತಿ ಸರಿಯಾಗಿ ಕೂರಿಸಬೇಕು. ಬದಿ ಮುಚ್ಚಿದ ಕನ್ನಡಕ ಬೇಕು. ತೂತಿನ ಪುಡಿ ಬಾಯಲ್ಲಿ ಊದಬೇಡಿ, ನೇರ ಕಣ್ಣಿಗೇ ಬರುತ್ತದೆ. ಊದುವ ಪಂಪ್ ಅಂಗಡಿಯಲ್ಲಿ ಸಿಗುತ್ತದೆ.

ಟೈಲ್ಸ್ ಪುತ್ತಿಗೆ

ನಾನು 17 ವರ್ಷದಿಂದ ಟೈಲ್ಸ್ ಕೆಲಸದಲ್ಲಿ. ಹಳೆಯ ಟೈಲ್ಸ್ ಎಬ್ಬಿಸುವುದಕ್ಕೆ ದಿನವಿಡೀ ತಿರುಗದೆ ಬರೀ ಬಡಿಯುವ ಚಿಸಲ್ ಮೋಡಿನಲ್ಲಿ ಮೆಷಿನ್ ಹಿಡಿಯುತ್ತೇನೆ. ಇತ್ತೀಚೆಗೆ ರಾತ್ರಿ ಬೆರಳು ಜೋಮು ಹಿಡಿಯುತ್ತದೆ. ಬೆಳಿಗ್ಗೆ ಅಂಗಿಯ ಗುಬ್ಬಿ ಹಾಕುವುದಕ್ಕೆ ಬೆರಳಿಗೆ ಸ್ಪರ್ಶ ಗೊತ್ತಾಗುವುದಿಲ್ಲ, ಕಣ್ಣಿನಲ್ಲಿ ನೋಡಿಯೇ ಹಾಕಬೇಕು. ಇದೂ ಮೆಷಿನಿನಿಂದಲೇ ಇರಬಹುದಾ? ಜೊತೆಯವರು ವಾಯು ಅನ್ನುತ್ತಾರೆ.

ಫಿಸಿಯೋ, ಮುಳ್ಳೇರಿಯ

ಅಣ್ಣಾ, ವಾಯು ಅಂತ ಬಿಡಬೇಡಿ. ಕಂಪನದಿಂದ ಬೆರಳಿನ ನರ, ರಕ್ತನಾಳ ಎರಡಕ್ಕೂ ಪೆಟ್ಟಾಗುತ್ತದೆ. ಶುರು ಆಗುವುದು ಜೋಮಿನಿಂದಲೇ. ತಂಪಿಗೆ ಬೆರಳ ತುದಿ ಬಿಳಿಚಿಕೊಳ್ಳುತ್ತದಾ ಅಂತಲೂ ಗಮನಿಸಿ. ಶುರುವಿನಲ್ಲಿ ಕೆಲಸ ಕಡಿಮೆ ಮಾಡಿದರೆ ಹೆಚ್ಚಾಗದ ಹಾಗೆ ತಡೆಯಬಹುದು, ಬಿಟ್ಟರೆ ಸ್ಪರ್ಶ ವಾಪಸ್ ಬರುವುದು ಕಷ್ಟ. ಈ ವಾರವೇ ಡಾಕ್ಟರಿಗೆ ತೋರಿಸಿ, ಮೆಷಿನ್ ಕೆಲಸ ಅಂತ ಮರೆಯದೆ ಹೇಳಿ. ಜೋಮಿಗೆ ಸಕ್ಕರೆ ಕಾಯಿಲೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವುದು, ಹೀಗೆ ಬೇರೆ ಕಾರಣವೂ ಇರಬಹುದು, ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ.

ಯುರೋಪಿನಲ್ಲಿ ಕಂಪನಕ್ಕೆ ಒಂದು ಮಿತಿ ಇಟ್ಟಿದ್ದಾರೆ. ದಿನದ 8 ಗಂಟೆಯ ಲೆಕ್ಕಕ್ಕೆ ಮೀಟರ್ ಪರ್ ಸೆಕೆಂಡ್ ಸ್ಕ್ವೇರ್‌ನಲ್ಲಿ 2.5 ದಾಟಿದರೆ ಎಚ್ಚರಿಕೆ, 5 ದಾಟಲೇಬಾರದು. ಮೆಷಿನಿನ ಪುಸ್ತಕದಲ್ಲಿ ಅದರ ಕಂಪನ ಎಷ್ಟು ಅಂತ ಬರೆದಿರುತ್ತದೆ. 10 ಅಂತ ಇದ್ದರೆ ಅರ್ಧ ಗಂಟೆಗೆ ಎಚ್ಚರಿಕೆಯ ಮಟ್ಟ ಮುಟ್ಟಿತು, ಎರಡು ಗಂಟೆಗೆ ಮಿತಿ ಮುಗಿಯಿತು. ಅದು ಟ್ರಿಗರ್ ಒತ್ತಿರುವ ಹೊತ್ತು ಮಾತ್ರ, ಮಧ್ಯದ ಬಿಡುವು ಸೇರಿಸಬೇಡಿ. ಇಬ್ಬರು ಸರದಿಯಲ್ಲಿ ಮಾಡಿ. ಹಿಡಿತ ಬಿಗಿಯಾದಷ್ಟೂ ಕಂಪನ ಕೈಗೆ ಜಾಸ್ತಿ ಬರುತ್ತದೆ. ಮೊಂಡಾದ ಚಿಸಲ್ ಇದ್ದರೆ ಒತ್ತುವುದೂ ಜಾಸ್ತಿ, ಹೊತ್ತೂ ಜಾಸ್ತಿ.

ಕಿವಿಯದ್ದೂ ಹಾಗೆಯೇ. 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಡೆಯಬಹುದು, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ ಆಗುತ್ತದೆ. 100 ಡೆಸಿಬಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ಹ್ಯಾಮರ್ ಮೆಷಿನಿನ ಶಬ್ದ ಆ ಆಸುಪಾಸಿನದು, ಮುಚ್ಚಿದ ಬಾತ್‌ರೂಮಿನಲ್ಲಿ ಕೇಳುವುದೇ ಬೇಡ. ಕಿವಿಗೆ ಹಾಕುವ ಸ್ಪಂಜ್ ಪ್ಲಗ್‌ಗೆ ಹೆಚ್ಚು ದುಡ್ಡಿಲ್ಲ.

ಬದಿಯಡ್ಕದವರಿಗೆ ಒಂದು ಮಾತು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲ್ಬದಿಗೆ ಒಂದು ಗುಳಿ ಕಾಣುತ್ತದಲ್ಲ, ಅಲ್ಲಿ ಒತ್ತಿದರೆ ನೋವು ಉಂಟಾ? ಆ ಜಾಗದ ಸಣ್ಣ ಮೂಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ನೋವಿದ್ದರೆ 10–14 ದಿನಕ್ಕೆ ಮತ್ತೊಮ್ಮೆ ತೆಗೆಸಬೇಕು. ಎಣ್ಣೆ ಹಾಕಿ ತಿಕ್ಕಿಸುವುದು ಈಗ ಬೇಡ.

ಬದಿಯಡ್ಕ ತೋಟ

ಒತ್ತಿ ನೋಡಿದೆ. ನೋವು ಉಂಟು. ಅಮ್ಮ ನಿನ್ನೆಯಿಂದ ಎಣ್ಣೆ ಕಾಯಿಸಿ ಇಟ್ಟಿದ್ದರು, ಬೇಡ ಅಂದೆ. ಸೋಮವಾರ ಮತ್ತೆ ತೋರಿಸುತ್ತೇನೆ. ತುಂಬಾ ಉಪಕಾರ ಆಯಿತು ಅಕ್ಕಾ.

ಟೂಲ್ಸ್ ಬಾಡಿಗೆ, ಪೆರ್ಲ

ಅಣ್ಣನ ಮಗನಿಗೆ ಹೇಳುವುದಕ್ಕೆ ಇನ್ನಷ್ಟು ಉಂಟು. ಲುಂಗಿ ಬೇಡ, ಪ್ಯಾಂಟ್ ಹಾಕಲಿ. ಕೊರಳಲ್ಲಿ ಬೈರಾಸು, ಸಡಿಲ ಗ್ಲೌಸ್, ಕೈಗೆ ಕಟ್ಟಿದ ನೂಲು, ಯಾವುದೂ ತಿರುಗುವ ಬಿಟ್ ಹತ್ತಿರ ಹೋಗಬಾರದು. ಸ್ಟೂಲು ಬೇಡ. ಏಣಿಯೂ ಬೇಡ, ಯಾಕೆಂದರೆ ಎರಡು ಕೈ ಮೆಷಿನಿಗೆ ಹೋದ ಮೇಲೆ ಹಿಡಿದುಕೊಳ್ಳುವುದಕ್ಕೆ ಮೂರನೆಯ ಕೈ ಇಲ್ಲ. ಎರಡು ಡ್ರಮ್ಮಿಗೆ ಹಲಗೆ ಇಡುವ ಕೆಲಸವೂ ಬೇಡ. ಸರಿಯಾದ ಅಟ್ಟಣೆ ಕಟ್ಟಿ, ಎದೆಯ ಮಟ್ಟಕ್ಕೆ ತೂತು ಬರುವ ಹಾಗೆ ನಿಲ್ಲಲಿ. ಕಾಲು ಅಗಲ ಇಟ್ಟು, ಮೊಣಕೈ ಮೈಗೆ ಹತ್ತಿರ.

ಬಿಟ್ ಹಾಕುವಾಗ ಪ್ಲಗ್ ತೆಗೆದಿರಬೇಕು. ಬಿಟ್‌ನ ಹಿಂಬದಿ ಒರೆಸಿ ಚೂರು ಗ್ರೀಸ್ ಹಚ್ಚಿ, ಚಕ್‌ನೊಳಗೆ ತೂರಿಸಿ ತಿರುಗಿಸಿದರೆ ಟಕ್ ಅಂತ ಕೂರುತ್ತದೆ. ಈ ಚಕ್‌ಗೆ ಹೇಳುವ ಎಸ್‌ಡಿಎಸ್ ಅನ್ನುವುದು ಜರ್ಮನ್ ಮಾತು, ತೂರಿಸು, ತಿರುಗಿಸು, ಕೂತಿತು ಅಂತ ಅರ್ಥ. ಆಮೇಲೆ ಹೊರಕ್ಕೆ ಎಳೆದು ನೋಡಲಿ. ಸ್ವಲ್ಪ ಹಿಂದೆಮುಂದೆ ಆಡುವುದು ಸರಿ, ಕೈಗೆ ಬರಬಾರದು. ಮೋಡ್ ಬದಲಿಸುವುದು ಮೆಷಿನ್ ಪೂರ್ತಿ ನಿಂತ ಮೇಲೆ. ಟ್ರಿಗರ್ ಬದಿಯ ಲಾಕ್ ಬಟನ್ ಒತ್ತಿ ಡ್ರಿಲ್ ಮಾಡಬೇಡಿ, ಬಿಟ್ ಕಚ್ಚಿದರೆ ಕೈ ಬಿಟ್ಟರೂ ಮೆಷಿನ್ ನಿಲ್ಲುವುದಿಲ್ಲ. ಸಿಕ್ಕಿಬಿದ್ದ ಬಿಟ್‌ಗೆ ಟ್ರಿಗರ್ ಬಿಟ್ಟು, ರಿವರ್ಸ್ ಹಾಕಿ, ಎರಡು ಕೈಯಲ್ಲಿ ಹಿಡಿದು ನಿಧಾನ ತೆಗೆಯಿರಿ. ತೆಗೆದ ಬಿಟ್ ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುವಷ್ಟು ಬಿಸಿ ಇರುತ್ತದೆ.

ಮಂಜೇಶ್ವರದ ಟೀಚರ್

ಇದನ್ನೆಲ್ಲ ಓದುವಾಗ ಒಂದು ಬೇಸರ. ಮೆಷಿನಿನ ಜೊತೆ ಬರುವ ಪುಸ್ತಕ ಇಂಗ್ಲಿಷಿನಲ್ಲಿ, ಅಂಗಡಿಯಲ್ಲಿ ಹೇಳಿ ಕೊಡುವುದು ಮಲಯಾಳದಲ್ಲಿ, ಸೈಟಿನಲ್ಲಿ ಹಿಂದಿ. ಇಲ್ಲಿ ನಮ್ಮ ಕಾಸರಗೋಡಿನಲ್ಲಿ ಕನ್ನಡ, ತುಳು ಮಾತ್ರ ಬಲ್ಲವರಿಗೆ ಯಾರು ಹೇಳುತ್ತಾರೆ? ಹಿಡಿಕೆ ತಿರುಗುತ್ತದೆ ಎನ್ನುವ ಒಂದು ವಾಕ್ಯ ಗೊತ್ತಿದ್ದಿದ್ದರೆ ಈ ಅಣ್ಣನ ಕೈ ಹೀಗಾಗುತ್ತಿರಲಿಲ್ಲ. ಪೆರ್ಲದವರೇ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಅಂಗಡಿಯಲ್ಲಿ ಅಂಟಿಸುತ್ತೀರಾ?

ಟೂಲ್ಸ್ ಬಾಡಿಗೆ, ಪೆರ್ಲ

ಖಂಡಿತ ಅಂಟಿಸುತ್ತೇನೆ. ಲ್ಯಾಮಿನೇಟ್ ಮಾಡಿಸಿ ಪ್ರತಿ ಪೆಟ್ಟಿಗೆಯೊಳಗೂ ಒಂದು ಇಡುತ್ತೇನೆ. ಇವತ್ತಿನಿಂದಲೇ ಹಿಡಿಕೆ ಜೋಡಿಸಿಯೇ ಮೆಷಿನ್ ಕೊಡುತ್ತೇನೆ, ಕೊಡುವಾಗ ಒಮ್ಮೆ ತಿರುಗಿಸಿ ತೋರಿಸುತ್ತೇನೆ. ಮಲಯಾಳದಲ್ಲೂ ಇದ್ದರೆ ಒಳ್ಳೆಯದು, ನನಗೆ ಮಾತಾಡುವುದಕ್ಕೆ ಬರುತ್ತದೆ, ಬರೆಯುವುದಕ್ಕೆ ಬರುವುದಿಲ್ಲ.

ವಯರಿಂಗ್, ಕುಂಬಳೆ

ಮಲಯಾಳದ್ದು ನಾನು ಬರೆಯುತ್ತೇನೆ. ಇನ್ವರ್ಟರ್ ಆಫ್ ಮಾಡುವ ವಿಷಯ ಮೇಲೆಯೇ, ದಪ್ಪ ಅಕ್ಷರದಲ್ಲಿ ಬರಲಿ.

ಬದಿಯಡ್ಕ ತೋಟ

ಸೋಮವಾರ ಎಕ್ಸ್‌ರೇ ಆಯಿತು. ಸಣ್ಣ ಮೂಳೆಯಲ್ಲಿ ಕೂದಲೆಳೆಯ ಬಿರುಕು ಉಂಟಂತೆ, ಈಗ ಹೆಬ್ಬೆರಳು ಸೇರಿಸಿ ಪ್ಲಾಸ್ಟರ್ ಹಾಕಿದ್ದಾರೆ, ಆರು ವಾರ. ಫಿಸಿಯೋ ಅಕ್ಕ ಹೇಳದಿದ್ದರೆ ಹೋಗುತ್ತಿರಲಿಲ್ಲ.

ಉಳಿದ ಮೂರು ತೂತು ನಿನ್ನೆ ಮುಗಿಯಿತು. ಅಡಿಕೆ ಮರದ ಅಟ್ಟಣೆ ಕಟ್ಟಿದೆವು. ಹುಡುಗ ಕನ್ನಡಕ, ಎನ್95 ಹಾಕಿಕೊಂಡಿದ್ದ, ಹಿಡಿಕೆ ಎಡಕ್ಕೆ ತಿರುಗಿಸಿದ್ದ. ಇನ್ವರ್ಟರ್ ನಾನೇ ಹೋಗಿ ಆಫ್ ಮಾಡಿದೆ. ಎರಡನೆಯದರಲ್ಲಿ ಟಣ್ ಅಂತ ಕೇಳಿಸಿತು, ಅವನಾಗಿಯೇ ನಿಲ್ಲಿಸಿದ, ಎರಡು ಬೆರಳಿನಷ್ಟು ಬದಿಗೆ ಸರಿಸಿ ಹೊಸ ತೂತು ಮಾಡಿದ. ಗೋಡೆಯದ್ದನ್ನು ಹ್ಯಾಮರ್ ಇಲ್ಲದೆಯೇ ದಾಟಿಸಿದೆವು. ಸಮಯ ಸ್ವಲ್ಪ ಹೋಯಿತು, ಕಲ್ಲು ಒಂದಿಷ್ಟೂ ಎದ್ದಿಲ್ಲ. ವೆಲ್ಡರ್ ನಾಳೆ ಬರುತ್ತಾರೆ.

ಪುತ್ತಿಗೆಯ ಅಣ್ಣಾ, ನೀವು ಡಾಕ್ಟರಿಗೆ ತೋರಿಸಿದಿರಾ?

ಟೈಲ್ಸ್ ಪುತ್ತಿಗೆ

ನಾಳೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸಿಗೇ ಕಾಸರಗೋಡಿಗೆ ಹೋಗುತ್ತೇನೆ.